ಡೀಸೆಲ್ ಪೈಪಿನ ಆ ತುದಿ

“ಇನ್ನೊಂದು ತುಂಡು ಹಾಕು ಅಂತ ಬಾಯ್ಬುಟ್ಟೆ ಅಂದ್ರೆ, ಗಾಡೀನ ಇಲ್ಲೇ ಬುಟ್ಬುಟ್ಟು ತೆರಕಣಾಂಬಿಗೆ ನಡ್ಕಂಡು ಓಗು,” ಅಂದ ಮುನಾವರ್.

ಅವನು ನನ್ನ ಅಂಬಾಸಿಡರ್ ಕೆಳಗೆ ಮಲಗಿದ್ದ. ನನಗೆ ಕಾಣುತ್ತಿದ್ದದ್ದು ಎರಡು ಕಾಲು, ಒಂದು ಚಪ್ಪಲಿ. ಇನ್ನೊಂದು ಚಪ್ಪಲಿ ಎಲ್ಲಿ ಹೋಯಿತೋ ಅವನಿಗೂ ಗೊತ್ತಿರುವುದಿಲ್ಲ. ಕೆಲಸಕ್ಕೆ ಇಳಿದರೆ ಅವನು ಹಾಗೆಯೇ.

“ಯಾಕ್ಲಾ, ಅಷ್ಟು ತುಂಡು ಹಾಕ್ದೋನಿಗೆ ಇನ್ನೊಂದು ಭಾರ ಆಯ್ತಾ?” ಅಂದೆ.

“ತುಂಡಲ್ಲ ಕಣ್ಲಾ ಸ್ವಾಮಿ, ತ್ಯಾಪೆ. ಕುರಿ ಕಾಯೋನ ಚಡ್ಡಿ ಆಗೋಗದೆ ನಿನ್ ಪೈಪು. ಕಬ್ಬಿಣಕ್ಕಿಂತ ರಬ್ಬರೇ ಜಾಸ್ತಿ. ಬಗ್ಗು, ಬಗ್ಗಿ ನೋಡು.”

ಬಗ್ಗಿದೆ. ಅವನು ಸ್ಕ್ರೂಡ್ರೈವರಿನ ಮೊನೆಯಿಂದ ಪೈಪನ್ನು ಸುಮ್ಮನೆ ಒಂದು ಸಲ ಕೆರೆದ. ಸುಟ್ಟ ಹಪ್ಪಳದ ಹಾಗೆ ಚೂರುಚೂರಾಗಿ ಅವನ ಮುಖದ ಮೇಲೇ ಉದುರಿತು. ಥೂ ಅಂತ ಉಗಿದ. “ಕಂಡ್ಯಾ? ಇದುನ್ನ ಪೈಪು ಅಂತ ಯಾರು ಕರೀತಾರೆ?”

ಗಾಡಿ ಹೊಟ್ಟೆ ನೋಡಿರದವರಿಗೆ ಒಂದು ಮಾತು ಹೇಳಿಬಿಡುತ್ತೇನೆ. ಡೀಸೆಲ್ ಟ್ಯಾಂಕು ಇರುವುದು ಹಿಂದೆ, ಇಂಜಿನ್ನು ಮುಂದೆ. ನಡುವೆ ಕಿರುಬೆರಳು ದಪ್ಪದ ಕಬ್ಬಿಣದ ಪೈಪೊಂದು ಗಾಡಿಯ ಅಡಿಗೆ ಅಂಟಿಕೊಂಡು ಬರುತ್ತದೆ. ಅಲ್ಲಲ್ಲಿ ಕ್ಲಿಪ್ಪು ಹಾಕಿ ಹಿಡಿದಿರುತ್ತಾರೆ. ತುಕ್ಕು ಶುರುವಾಗುವುದು ಆ ಕ್ಲಿಪ್ಪಿನ ಮರೆಯಲ್ಲೇ. ಮಳೆಗಾಲದ ಕೆಸರು ಅಲ್ಲಿ ಹೋಗಿ ಕೂತರೆ ಬೇಸಿಗೆ ಬಂದರೂ ಏಳುವುದಿಲ್ಲ. ತೂತು ಬಿದ್ದರೂ ಹನಿ ಕೆಳಗೆ ಬೀಳುವುದಿಲ್ಲ, ಯಾಕೆಂದರೆ ಮುಂದಿನಿಂದ ಪಂಪು ಎಳೆಯುತ್ತಿರುತ್ತದೆ. ಡೀಸೆಲ್ ಹೊರಗೆ ಬರುವ ಬದಲು ಗಾಳಿ ಒಳಗೆ ಹೋಗುತ್ತದೆ. ಎಳನೀರು ಕುಡಿಯುವಾಗ ಸ್ಟ್ರಾ ಸೀಳಿದ್ದರೆ ಬುರ್ ಅನ್ನುವುದಿಲ್ಲವೇ, ಹಾಗೆ. ಇಂಜಿನ್ನು ಕೆಮ್ಮುತ್ತದೆ, ಇನ್ನೊಂದು ಸಲ ಕೆಮ್ಮುತ್ತದೆ, ನಿಲ್ಲುತ್ತದೆ. ಆಮೇಲೆ ಬಾನೆಟ್ಟು ಎತ್ತಿ, ಒಬ್ಬರು ಪಂಪಿನ ಪಕ್ಕದ ಪುಟ್ಟ ಹಿಡಿಯನ್ನು ಕೈಯಲ್ಲಿ ಒತ್ತುತ್ತಿರಬೇಕು, ಇನ್ನೊಬ್ಬರು ಸ್ಕ್ರೂ ಸಡಿಲ ಮಾಡಿ ಗಾಳಿ ಬಿಡಬೇಕು. ನೊರೆ ಹೋಗಿ ಬರೀ ಡೀಸೆಲ್ ಬಂದರೆ ಸರಿ, ಮತ್ತೆ ಹೊರಡುತ್ತದೆ.

ಹೀಗೆ ನಿಂತಾಗಲೆಲ್ಲ ನಾನು ಗುಂಡ್ಲುಪೇಟೆಗೆ ಬಂದು, ಊಟಿ ರಸ್ತೆಯ ಪಕ್ಕದ ಈ ಶೆಡ್ಡಿನ ಮುಂದೆ ಗಾಡಿ ನಿಲ್ಲಿಸುತ್ತೇನೆ. ಮುನಾವರ್ ತುಕ್ಕು ತಿಂದಷ್ಟನ್ನು ಕತ್ತರಿಸಿ, ಆ ಜಾಗಕ್ಕೆ ರಬ್ಬರ್ ಪೈಪಿನ ತುಂಡು ತೂರಿಸಿ ಬಿಗಿಯುತ್ತಾನೆ. ಸ್ವಲ್ಪ ದಿನ ಓಡುತ್ತದೆ. ಆಮೇಲೆ ಇನ್ನೊಂದು ಕ್ಲಿಪ್ಪಿನ ಹತ್ತಿರ ತೂತು. ಮತ್ತೆ ನಾನು, ಮತ್ತೆ ಮುನಾವರ್, ಮತ್ತೆ ಅವನ ಹೆಂಡತಿ ಅಜೀಜಾ ಮಾಡುವ ಏಲಕ್ಕಿ ಚಾ.

ಪೂರ್ತಿ ಪೈಪು ಬದಲಾಯಿಸು ಅಂತ ನಾನು ಯಾವತ್ತೂ ಹೇಳಲಿಲ್ಲ. ನೀಲಕಂಠಸ್ವಾಮಿ ಜಿಪುಣ ಅಂತ ಊರಲ್ಲಿ ಆಡಿಕೊಂಡರು. ಆಡಿಕೊಳ್ಳಲಿ. ಹೊಸ ಪೈಪು ಹಾಕಿದ ಗಾಡಿಗೆ ಮೆಕ್ಯಾನಿಕ್ಕಿನ ಶೆಡ್ಡು ಬೇಕಾಗುವುದಿಲ್ಲ. ನನಗೆ ಬೇಕಿತ್ತು.

ಚಾಮರಾಜನಗರದಿಂದ ಗುಂಡ್ಲುಪೇಟೆಗೆ, ಗುಂಡ್ಲುಪೇಟೆಯಿಂದ ಚಾಮರಾಜನಗರಕ್ಕೆ, ನಡುವೆ ನಮ್ಮ ತೆರಕಣಾಂಬಿಯಲ್ಲಿ ಒಂದು ಚಾ. ಇಷ್ಟೇ ನನ್ನ ಬದುಕು. ಶೇರ್ ಟ್ಯಾಕ್ಸಿ. ಮದುವೆ ಆಗಲಿಲ್ಲ, ಆಗಲಿಲ್ಲ ಅನ್ನುವುದು ನೆನಪಾಗುವುದಕ್ಕೂ ಪುರುಸೊತ್ತು ಇರಲಿಲ್ಲ, ಅಷ್ಟು ಜನ ಗಾಡಿಯಲ್ಲಿ. ಮುಂದೆ ಮೂವರು, ಹಿಂದೆ ಲೆಕ್ಕವಿಲ್ಲ. “ಸ್ವಾಮಣ್ಣ, ಒಂದ್ನಿಮ್ಸ, ನಮ್ಮತ್ತೆ ಬತ್ತಾವ್ರೆ,” ಅನ್ನೋರು. ಆ ಅತ್ತೆ ಬಂದು ಕೂತು, “ನನ್ ಸೊಸೆ ನಂಗೋಸ್ಕರ ನಿಲ್ಸಿದ್ದಲ್ಲ, ನಿಮ್ ಗಾಡಿ ತುಂಬ್ಲಿ ಅಂತ ನಿಲ್ಸಿದ್ದು,” ಅನ್ನೋರು. ಅರಿಸಿನ ಮಂಡಿಯ ದಲ್ಲಾಳಿಗಳು ಹಿಂದಿನ ಸೀಟಿನಲ್ಲಿ ಟವೆಲ್ಲಿನ ಕೆಳಗೆ ಬೆರಳು ಹಿಡಿದು ವ್ಯಾಪಾರ ಮಾಡೋರು, ಬಾಯಲ್ಲಿ ಮಾತ್ರ ಹವಾಮಾನ. ರೂಪಶ್ರೀ ಅಂತ ಒಬ್ಬರು ಟೀಚರು, ದಿನಾ ಹತ್ತುವಾಗ “ನಿಧಾನ”, ಇಳಿಯುವಾಗ “ಲೇಟಾಯ್ತು”. ಮುಖ ನೋಡಿದ್ದು ಕಡಿಮೆ ನಾನು. ಕಣ್ಣು ರಸ್ತೆ ಮೇಲೆ. ಆ ಜನರೆಲ್ಲ ನನಗೆ ದನಿಗಳು. ಈಗಲೂ ಬಸ್ಸು ನಿಲ್ದಾಣದಲ್ಲಿ ಯಾರೋ ಹಿಂದಿನಿಂದ ಕೆಮ್ಮಿದರೆ, ಇದು ಹರದನಹಳ್ಳಿ ಕರಿಬಸವಯ್ಯನವರು ಅಂತ ತಿರುಗದೆಯೇ ಹೇಳುತ್ತೇನೆ.

ಹೆಂಗಸರಿಗೆ ಬಸ್ಸು ಫ್ರೀ ಆಯಿತು, ಒಳ್ಳೇದೇ ಆಯಿತು. ಗಂಡಸರು ಬೈಕು ತಗೊಂಡರು. ಯಾರದೂ ತಪ್ಪಲ್ಲ. ಸ್ಟ್ಯಾಂಡಿನಲ್ಲಿ “ಗುಂಡ್ಲುಪೇಟೆ, ಗುಂಡ್ಲುಪೇಟೆ” ಅಂತ ಕೂಗುತ್ತಾ ನಿಂತರೆ ನನ್ನ ದನಿ ನನಗೇ ವಾಪಸ್ಸು ಬರುತ್ತಿತ್ತು. ಈಗ ಬಾಡಿಗೆ ಅಂದರೆ ಚೆಂಡುಹೂವು ಅರಳುವ ಕಾಲದಲ್ಲಿ ಕೇರಳದ ಹುಡುಗರು. “ಚೇಟ್ಟಾ, ವಿಂಟೇಜ್,” ಅಂದು ಬಾನೆಟ್ಟಿನ ಮೇಲೆ ಕೂತು, ಹಿಂದೆ ಹೂವಿನ ಹೊಲ ಬರುವ ಹಾಗೆ ಫೋಟೋ ತೆಗೆಸಿಕೊಳ್ಳುತ್ತಾರೆ. ಒಳಗೆ ಕೂರುವುದಿಲ್ಲ.

ನನ್ನ ಮನೆ ಇರುವುದು ಹಿಟ್ಟಿನ ಗಿರಣಿಯ ಹಿಂದೆ. ಗಿರಣಿ ಓಡುವಷ್ಟು ಹೊತ್ತು ಪರವಾಗಿಲ್ಲ.

ಅದಕ್ಕೇ ಈ ತುಂಡು. ಒಂದು ತುಂಡಿಗೆ ಒಂದು ಬೆಳಗ್ಗೆ. ಮುನಾವರ್ ಕೆಳಗೆ ಮಲಗಿ ಬೈಯುತ್ತಾನೆ, ನಾನು ಸ್ಟೂಲಿನ ಮೇಲೆ ಕೂತು ಬೈಸಿಕೊಳ್ಳುತ್ತೇನೆ.

“ನಿಂಗೆ ಯಾಕೆ ಇಷ್ಟು ಕ್ವಾಪ ಇವತ್ತು?” ಅಂದೆ.

ಅವನು ಈಚೆಗೆ ಜಾರಿಕೊಂಡು ಬಂದು ಎದ್ದು ಕೂತ. ಗಡ್ಡದಲ್ಲೆಲ್ಲ ತುಕ್ಕು. “ಆವತ್ತು ಲಾರಿ ವಿಷ್ಯ ಏಳಿದ್ಯಲ್ಲ, ನಗಾಡ್ಕಂಡು.”

ಹೇಳಿದ್ದೆ. ತೆರಕಣಾಂಬಿಗೆ ಮುಂಚೆ ರಸ್ತೆ ಸ್ವಲ್ಪ ಏರುತ್ತದೆ. ಏರು ಮುಗಿಯುವಲ್ಲಿ ಒಂದು ಹುಣಸೆಮರ. ಏರಿನಲ್ಲಿ ಪಂಪಿಗೆ ಎಳೆಯುವುದು ಕಷ್ಟ, ಗಾಡಿ ಯಾವಾಗಲೂ ಕೆಮ್ಮುವುದು ಅಲ್ಲೇ. ಸಾಮಾನ್ಯವಾಗಿ ಮರದವರೆಗೆ ಹೇಗೋ ತಲುಪುತ್ತಿತ್ತು. ಅಲ್ಲಿ ಕೆಂಪಯ್ಯ ಅಂತ ಒಬ್ಬ ಮೇಕೆ ಮೇಯಿಸುತ್ತಾ ಕೂತಿರುತ್ತಾನೆ. ನನ್ನ ಗಾಡಿ ಕೆಮ್ಮಿದ್ದು ಕೇಳಿದರೆ ಸಾಕು, ಪಂಚೆ ಎತ್ತಿ ಕಟ್ಟಿಕೊಂಡು ಬಂದುಬಿಡುತ್ತಾನೆ. ಅವನು ಪಂಪು ಒತ್ತುತ್ತಾನೆ, ನಾನು ಸ್ಕ್ರೂ ಹಿಡಿಯುತ್ತೇನೆ. ಆದರೆ ಹಿಂದಿನ ವಾರ ಮರಕ್ಕೆ ಮುಂಚೆಯೇ, ನಡುರಸ್ತೆಯಲ್ಲಿ ನಿಂತಿತು. ಹಿಂದೆ ತರಕಾರಿ ಲಾರಿ. ಅದರ ಬ್ರೇಕಿನ ಸದ್ದಿಗೆ ಕೆಂಪಯ್ಯನ ಮೇಕೆಗಳು ದಿಕ್ಕುಪಾಲಾಗಿ ಓಡಿದವು. ಡ್ರೈವರು ಇಳಿದು ಬಂದು ತಮಿಳಿನಲ್ಲಿ ನನ್ನ ತಾತನವರೆಗೂ ಹೋಗಿ ಬೈದ. ಆ ತಮಿಳನ್ನು ಅನುಕರಿಸಿ ಮುನಾವರನಿಗೆ ಹೇಳಿದ್ದೆ. ನಕ್ಕಾನು ಅಂದುಕೊಂಡಿದ್ದೆ. ಅವನು ಸ್ಪ್ಯಾನರು ಒರೆಸುತ್ತಾ ಇದ್ದವನು ಒರೆಸುವುದನ್ನು ನಿಲ್ಲಿಸಿದ್ದ.

“ನಂಗೆ ಆವತ್ತಿಂದ ಸರಿಯಾಗಿ ನಿದ್ದೆ ಬಂದಿಲ್ಲ,” ಅಂದ ಈಗ. “ನಾನು ಆಕಿದ್ ರಬ್ಬರು ಅದು. ನಿನ್ ಮ್ಯಾಲೆ ಲಾರಿ ಅತ್ತಿದ್ರೆ ನನ್ ಕೈಯಾರೆ ಕೊಂದಂಗಲ್ವಾ? ಪೂರ್ತಿ ಪೈಪು ತಂದಿವ್ನಿ. ಇವತ್ತು ಆಕ್ತೀನಿ. ಬೇಡ ಅಂದ್ರೆ ಕೀ ಕೊಡಲ್ಲ.”

“ಆಮೇಲೆ?”

“ಆಮೇಲೇನು? ನೀನು ಸಾಯೋಗಂಟ ಪೈಪಿನ ಯೋಚ್ನೆ ಇಲ್ಲ. ನನ್ ಮೊಖ ನೋಡೋ ಕರ್ಮನೂ ಇಲ್ಲ.”

ಶೆಡ್ಡಿನ ಹಿಂದೆಯೇ ಅವರ ಮನೆ. ಕಿಟಕಿಯಿಂದ ಅಜೀಜಾ ಚಾ ಲೋಟ ಚಾಚಿದಳು. ನಾನು ಬಂದಾಗಲೆಲ್ಲ “ಏನಣ್ಣ, ಇವತ್ತು ಏನು ಕೆಟ್ಟದೆ?” ಅಂತ ಕೇಳುವವಳು. ಇವತ್ತು, “ಹೊಸಾ ಪೈಪಂತೆ ಸ್ವಾಮಣ್ಣ! ಇನ್ನು ನಮ್ಮುನ್ನ ಎಲ್ಲಿ ನೆಪ್ಪು ಮಾಡ್ಕೋತೀರಿ,” ಅಂದಳು. ತಮಾಷೆಗೇ ಅಂದದ್ದು. ಲೋಟವನ್ನು ಸ್ಟೂಲಿನ ಮೇಲಿಟ್ಟೆ.

“ಇವತ್ತು ಬೇಡ ಬುಡ್ಲಾ,” ಅಂದೆ. “ಮುಂದಿನ ತಿಂಗ್ಳು ನೋಡನ.”

ಮುನಾವರ್ ನನ್ನ ಮುಖ ನೋಡಿದ. ಕೀ ಗೊಂಚಲು ಎತ್ತಿ ಜೇಬಿಗೆ ಹಾಕಿಕೊಂಡ. “ಆ ಕಡೆ ತುದಿ ಇಡ್ಕೋ ಬಾ,” ಅಂದ.

ಹೋದೆ. ಬೇರೆ ಯಾರಿದ್ದಾರೆ ಹಿಡಿಯುವುದಕ್ಕೆ? ಈ ಕೆಲಸಕ್ಕೆ ಈಗ ಯಾರೂ ಬರುವುದಿಲ್ಲ. ಪೈಪು ಅನ್ನುವುದು ಒಬ್ಬನ ಕೈಗೆ ಬಗ್ಗುವ ವಸ್ತುವೂ ಅಲ್ಲ; ಒಂದು ತುದಿ ಹಿಡಿದರೆ ಇನ್ನೊಂದು ತುದಿ ಹಾವಿನ ಹಾಗೆ ಆಡುತ್ತದೆ. ಮೊದಲು ಹಳೆಯದನ್ನು ಮುರಿಯದ ಹಾಗೆ ಇಳಿಸಬೇಕು. ಮುರಿದರೆ ಅಳತೆ ಹೋಯಿತು. ಕ್ಲಿಪ್ಪುಗಳು ಬಿಡಲಿಲ್ಲ, ಎಣ್ಣೆ ಬಿಟ್ಟು ಕಾದೆವು, ತಟ್ಟಿದೆವು, ಬೈದೆವು. ಕೊನೆಗೆ ಅದು ಕೆಳಗೆ ಬಂತು. ಶೆಡ್ಡಿನ ಮುಂದಿನ ಮಣ್ಣಿನಲ್ಲಿ ಮಲಗಿಸಿದೆವು. ಕಂದು ಕಬ್ಬಿಣ, ಕರಿ ರಬ್ಬರು, ಕಂದು ಕಬ್ಬಿಣ, ಕರಿ ರಬ್ಬರು. ಒಂದೊಂದು ರಬ್ಬರಿಗೂ ಒಂದೊಂದು ಬೆಳಗ್ಗೆ ನನಗೆ ನೆನಪಿತ್ತು. ಇದು ಅಜೀಜಾಳ ತಂಗಿ ಫರಹತ್ ಬಂದಿದ್ದ ದಿನ, ಅಕ್ಕತಂಗಿಯರ ಜಗಳ ಕಿಟಕಿಯಿಂದ ಪೂರ್ತಿ ಕೇಳಿಸಿತ್ತು. ಇದು ಮಳೆ ಬಂದು ಮಧ್ಯಾಹ್ನದವರೆಗೆ ಕೂರಬೇಕಾದ ದಿನ. ಇದು ಮುನಾವರ್ ನನಗೆ ಉರ್ದುವಿನಲ್ಲಿ ಹತ್ತರವರೆಗೆ ಎಣಿಸುವುದು ಕಲಿಸಿದ ದಿನ. ಏಳು ಮಾತ್ರ ಯಾಕೋ ನನಗೆ ಇವತ್ತಿಗೂ ತಪ್ಪುತ್ತದೆ.

ಹೊಸದನ್ನು ಪಕ್ಕದಲ್ಲೇ ಹಾಸಿದ. ಹಳೆಯದು ಎಲ್ಲಿ ಬಾಗಿತ್ತೋ ಅಲ್ಲಿ ಮೊಣಕಾಲಿಟ್ಟು ಮೆಲ್ಲಗೆ ಬಗ್ಗಿಸುತ್ತಾ ಬಂದ. “ಇಡ್ಕೋ. ಎಳೀಬ್ಯಾಡ. ಇಡ್ಕೋ ಅಂದ್ರೆ ಇಡ್ಕೋ, ಮೂಗುದಾರ ಎಳ್ದಂಗೆ ಎಳೀಬ್ಯಾಡ.” ಅದು ಬಗ್ಗಿತು, ತಿರುಗಿತು, ಹಳೆಯದರ ಪಕ್ಕ ಅದರದೇ ನೆರಳಿನ ಹಾಗೆ ಕೂತಿತು. ತುದಿಗಳನ್ನು ಕತ್ತರಿಸಿ, ನಟ್ಟು ತೊಡಿಸಿ, ಬಾಯಿ ಅಗಲಿಸಿದ. ಇಬ್ಬರೂ ಹಿಡಿದು ಗಾಡಿಯ ಕೆಳಗೆ ತೂರಿಸಿ ಹೊಸ ಕ್ಲಿಪ್ಪಿನಲ್ಲಿ ಕೂರಿಸಿದೆವು.

“ಇನ್ನ ಊದ್ಬೇಕು,” ಅಂದ. “ಕತ್ತರಿಸ್ದಾಗ ಪುಡಿ ಒಳೀಕೆ ಓಗಿರ್ತದೆ. ನೀನು ಟ್ಯಾಂಕ್ ಕಡೆಯಿಂದ ಊದು, ನಾನು ಮುಂದೆ ನೋಡ್ತೀನಿ.”

ಹಿಂದಿನ ಚಕ್ರದ ಪಕ್ಕ ಮಣ್ಣಿನಲ್ಲಿ ಕೂತು ತಲೆ ಬಗ್ಗಿಸಿ ಪೈಪಿಗೆ ಬಾಯಿಟ್ಟೆ. ಅವನು ಮುಂದೆ, ಎತ್ತಿದ ಬಾನೆಟ್ಟಿನ ಆಚೆ. ನಡುವೆ ಇಡೀ ಅಂಬಾಸಿಡರ್. ನನಗೆ ಅವನು ಕಾಣುವುದಿಲ್ಲ, ಅವನಿಗೆ ನಾನು ಕಾಣುವುದಿಲ್ಲ. ಕೆನ್ನೆ ಉಬ್ಬಿಸಿ ಊದಿದೆ.

“ಬತ್ತಾ ಅದೆ! ಇನ್ನೂ ಊದು! ದಮ್ಮಿಲ್ವಾ?” ಅಂತ ಕೂಗಿದ. ಊದಿದೆ. “ಸಾಕು. ಈಗ ಕಿವಿ ಇಡು, ಈ ಕಡೆಯಿಂದ ಬುಡ್ತೀನಿ.”

ಕಿವಿ ಇಟ್ಟೆ. ತಣ್ಣಗೆ ಗಾಳಿ ಬಂದು ಕಚಗುಳಿ ಆಯಿತು. ಆಮೇಲೆ ಗಾಳಿ ನಿಂತು, ಪೈಪಿನೊಳಗಿಂದ ಸಣ್ಣಗೆ, ಬಹಳ ದೂರದಿಂದ ಬಂದ ಹಾಗೆ, ಅವನ ದನಿ ಬಂತು.

“ಹಲೋ. ತೆರಕಣಾಂಬಿನಾ?”

ನನಗೆ ನಗು ಬಂತು. ಹಿಂದೆ ಎಸ್‌ಟಿಡಿ ಬೂತಿನಲ್ಲಿ ಹೀಗೇ ಅಲ್ಲವೇ ಕೇಳುತ್ತಿದ್ದದ್ದು. ಕಿವಿ ತೆಗೆದು ಬಾಯಿಟ್ಟೆ. “ಹೌದು, ತೆರಕಣಾಂಬಿ. ಯಾರು ಬೇಕಿತ್ತು?”

ಮತ್ತೆ ಕಿವಿ.

“ಸ್ವಾಮಿಯವ್ರ ಮನೇನಾ? ಮನೇಲಿ ಯಾರವ್ರೆ?”

ಫೋನಿನಲ್ಲಿ ಎಲ್ಲರೂ ಕೇಳುವ ಮಾತು. ಆಟಕ್ಕೆ ಏನಾದರೂ ಹೇಳಬೇಕಿತ್ತು, ಹೆಂಡ್ತಿ ಮಕ್ಕಳು ಸಂತೆಗೆ ಹೋಗವ್ರೆ ಅಂತಲೋ ಏನೋ. ಪೈಪಿಗೆ ಬಾಯಿಟ್ಟೆ. ಹೊಸ ಕಬ್ಬಿಣದ ರುಚಿ ತುಟಿಗೆ ಹತ್ತಿತು.

“ಯಾರೂ ಇಲ್ಲ ಕಣ್ಲಾ,” ಅಂದೆ. “ರೇಡಿಯೋ ಹಾಕಿಟ್ಟು ಬಂದಿವ್ನಿ. ವಾಪಸ್ ಓಗಿ ಬಾಗ್ಲು ತೆಗ್ದಾಗ ಒಳಗೆ ಯಾರೋ ಮಾತಾಡ್ತಾ ಇರ್ಲಿ ಅಂತ. ಬೆಳಗಾಗೋಗಂಟ ನನ್ ದನಿ ನಾನೇ ಕೇಳಿರಲ್ಲ, ಗೊತ್ತಾ? ಒಂದೊಂದ್ ದಪ ಗಂಟ್ಲು ಅದೆಯೋ ಇಲ್ವೋ ಅಂತ ಕೆಮ್ಮಿ ನೋಡ್ತೀನಿ. ನಿನ್ ಪೈಪು ಚೆನ್ನಾಗೇ ಅದೆ. ಚೆನ್ನಾಗಿರೋದೇ ನಂಗೆ ಕಷ್ಟ.”

ಇಷ್ಟು ಹೇಳಿ ಕಿವಿ ಇಟ್ಟೆ.

ಏನೂ ಬರಲಿಲ್ಲ. ಪೈಪಿನೊಳಗೆ ಸಣ್ಣ ಶಬ್ದವೊಂದಿತ್ತು, ಶಂಖಕ್ಕೆ ಕಿವಿ ಇಟ್ಟರೆ ಇರುತ್ತದಲ್ಲ, ಅಂಥದ್ದು. ಅವನ ಉಸಿರೋ, ಆಷಾಢದ ಗಾಳಿಯೋ, ತಿಳಿಯಲಿಲ್ಲ. ಅವನು ಅಷ್ಟು ಹೊತ್ತೂ ಕಿವಿ ಇಟ್ಟಿದ್ದನೋ, ಅರ್ಧಕ್ಕೆ ಎದ್ದು ಸ್ಪ್ಯಾನರ್ ಹುಡುಕಲು ಹೋಗಿದ್ದನೋ, ಅದೂ ತಿಳಿಯಲಿಲ್ಲ. ಮಣ್ಣಿನಲ್ಲಿ ಕುಕ್ಕರಗಾಲಿನಲ್ಲಿ ಕೂತು ಕಾದೆ. ಊಟಿ ಕಡೆ ಹೋಗುವ ಕಾರುಗಳು ಒಂದರ ಹಿಂದೆ ಒಂದು ಹೋದವು.

ಸ್ವಲ್ಪ ಹೊತ್ತಾದ ಮೇಲೆ ಬಾನೆಟ್ಟಿನ ಆಚೆಯಿಂದ, ಪೈಪಿನಲ್ಲಲ್ಲ, ಬಯಲಲ್ಲೇ ಅವನ ಗಟ್ಟಿ ದನಿ ಬಂತು. “ಪೈಪು ಸಾಫ್ ಅದೆ. ಬಿಗೀಲಾ ಆ ಕಡೆ.”

ಬಿಗಿದೆ. ಅವನೂ ಬಿಗಿದ. ಟ್ಯಾಂಕಿಗೆ ಡೀಸೆಲ್ ತುಂಬಿದೆವು. ಅವನು ಪಂಪು ಒತ್ತಿದ, ನಾನು ಸ್ಕ್ರೂ ಹಿಡಿದೆ. ಮೊದಲು ನೊರೆ, ಆಮೇಲೆ ಎಳೆ ಕಡಿಯದ ಹಾಗೆ ಡೀಸೆಲ್. ಜೇಬಿನಿಂದ ಕೀ ತೆಗೆದು ಕೊಟ್ಟ. ಒಂದೇ ತಿರುವಿಗೆ ಇಂಜಿನ್ನು ಹಿಡಿಯಿತು. ಎಷ್ಟೋ ವರ್ಷದಿಂದ ನನ್ನ ಗಾಡಿ ಹೀಗೆ ಮಾತಾಡಿದ್ದು ನಾನು ಕೇಳಿರಲಿಲ್ಲ. ಕೆಮ್ಮಿಲ್ಲ, ಏದುಸಿರಿಲ್ಲ. ಮುನಾವರ್ ಬಾನೆಟ್ಟಿಗೆ ಕೈಯಿಟ್ಟು, ಮಗುವಿಗೆ ಜ್ವರ ಇದೆಯಾ ಅಂತ ನೋಡುವ ಹಾಗೆ ಸುಮ್ಮನೆ ನಿಂತಿದ್ದ. ನಾನು ಅವನ ಮುಖವನ್ನೇ ನೋಡಿದೆ. ಅಲ್ಲಿ ತುಕ್ಕು ಬಿಟ್ಟು ಏನೂ ಕಾಣಲಿಲ್ಲ.

ಅಜೀಜಾ ಕಿಟಕಿಗೆ ಬಂದಳು. “ಸದ್ದೇ ಇಲ್ವಲ್ಲ ಅಣ್ಣ! ನಿಮ್ಮದೇ ಗಾಡಿನಾ?”

“ಹೂಂ ಕಣಮ್ಮ,” ಅಂದೆ. ಲೋಟ ವಾಪಸ್ಸು ಕೊಟ್ಟೆ. ಹಳೆ ಪೈಪು ಮಣ್ಣಿನಲ್ಲೇ ಬಿದ್ದಿತ್ತು. ಅದನ್ನು ದಾಟಿ ಹೋಗಿ ಸೀಟಿನಲ್ಲಿ ಕೂತೆ. ಬಾಗಿಲು ಹಾಕಿಕೊಂಡೆ. “ಬರನಾ ಹಂಗಾರೆ,” ಅಂದೆ.

ಮುನಾವರ್ ಕಿಟಕಿಗೆ ಮೊಣಕೈ ಊರಿದ. ರಸ್ತೆ ಕಡೆ ನೋಡುತ್ತಾ, “ಸ್ವಾಮವಾರ ಬಾ,” ಅಂದ.

“ಯಾಕೆ?”

“ಹೊಸಾ ಲೈನು. ಓಡ್ತಾ ಓಡ್ತಾ ನಟ್ಟು ಸಡ್ಲ ಆಯ್ತದೆ. ವಾರುಕ್ಕೊಂದ್ ದಪ ಬಿಗೀಬೇಕು.”

ನಾನು ಈ ಗಾಡಿಯ ಸ್ಟಿಯರಿಂಗ್ ಹಿಡಿದಾಗ ನನ್ನ ಮೀಸೆ ಇನ್ನೂ ಸರಿಯಾಗಿ ಕಪ್ಪಾಗಿರಲಿಲ್ಲ. ಆ ನಟ್ಟು ಒಂದು ಸಲ ಕೂತರೆ ಕೂತಿತು, ಬಿಚ್ಚಬೇಕಾದರೆ ಬೆವರು ಸುರಿಯಬೇಕು. ಅದು ನನಗೂ ಗೊತ್ತು, ಅವನಿಗೂ ಗೊತ್ತು.

“ಹೌದೌದು. ಬಿಗೀಬೇಕು,” ಅಂದೆ. “ಎಷ್ಟು ವಾರ ಬಿಗೀಬೇಕಾಯ್ತದೆ?”

“ಅದೆಂಗ್ಲಾ ಏಳಕ್ಕಾದದು,” ಅಂದ ಮುನಾವರ್. “ಹಳೇ ಗಾಡಿ.”

ಗುಂಡ್ಲುಪೇಟೆ ದಾಟಿ ಚಾಮರಾಜನಗರದ ರಸ್ತೆಗೆ ಬಿದ್ದೆ. ಎರಡೂ ಕಡೆ ಚೆಂಡುಹೂವಿನ ಹೊಲ, ಕೊಯ್ಯುವವರು ಬಾಗಿದ್ದರು, ಯಾರೂ ತಲೆ ಎತ್ತಲಿಲ್ಲ. ಪಕ್ಕದ ಸೀಟು ಖಾಲಿ, ಹಿಂದಿನ ಸೀಟು ಖಾಲಿ. ಗಾಡಿ ಗಾಳಿಯ ಮೇಲೆ ಹೋಗುವ ಹಾಗೆ ಹೋಗುತ್ತಿತ್ತು. ಸೋಮವಾರ ಇನ್ನೂ ದೂರವಿತ್ತು. ಏರು ಬಂತು. ಕಾಲು ತಾನಾಗಿಯೇ ಆಕ್ಸಿಲರೇಟರ್ ಮೇಲೆ ಹುಷಾರಾಯಿತು, ಕಿವಿ ಕೆಮ್ಮಿಗೆ ಕಾದಿತ್ತು. ಕೆಮ್ಮು ಬರಲಿಲ್ಲ. ಅಂಬಾಸಿಡರ್ ಆ ಏರನ್ನು ಏರೇ ಅಲ್ಲವೆಂಬಂತೆ ಹತ್ತಿತು.

ಹುಣಸೆಮರದ ನೆರಳಿನಲ್ಲಿ ಕೆಂಪಯ್ಯ ಕೂತಿದ್ದ. ಮೇಕೆಗಳು ಬೇಲಿಗೆ ಕಾಲು ಕೊಟ್ಟು ನಿಂತಿದ್ದವು. ಅವನು ನನ್ನ ಗಾಡಿ ನೋಡಿದ. ಸದ್ದು ಬೇರೆಯಾಗಿದ್ದಕ್ಕೋ ಏನೋ, ಏಳಲೋ ಬೇಡವೋ ಅನ್ನುವ ಹಾಗೆ ಅರ್ಧ ಎದ್ದು ಹಾಗೇ ನಿಂತ.

ಕನ್ನಡಿಯಲ್ಲಿ ಹಿಂದೆ ನೋಡಿದೆ. ಲಾರಿ ಇರಲಿಲ್ಲ, ಬಸ್ಸು ಇರಲಿಲ್ಲ. ಡಾಂಬರಿನಿಂದ ಎಡಕ್ಕೆ, ಮರದ ಬುಡದ ಮಣ್ಣಿಗೆ ಗಾಡಿ ಇಳಿಸಿ, ಇಂಜಿನ್ ನಿಲ್ಲಿಸುವ ಗುಂಡಿ ಎಳೆದೆ. ಒಂದು ಸಲವೂ ಕೆಮ್ಮದೆ ನಿಂತಿತು. ಇಳಿದು ಬಾನೆಟ್ಟು ಎತ್ತಿದೆ. ಕೆಂಪಯ್ಯ ಅಷ್ಟರಲ್ಲಿ ಪಂಚೆ ಎತ್ತಿ ಕಟ್ಟಿಕೊಳ್ಳುತ್ತಾ ಬರುತ್ತಿದ್ದ.